ವಾಕರ್, ಮೇಡಂ ಸಿ. ಜೆ.

(1867-1919). ಅಮೆರಿಕದ ಕಪ್ಪು ಜನಾಂಗದ ಉದ್ಯಮಿ, ದಾನಿ, ಸಾಮಾಜಿಕ ಹೋರಾಟಗಾರ್ತಿ. ಮೊದಲ ಹೆಸರು ಸಾರಾ ಬ್ರೀಡ್‌ಲವ್. ಲೂಸಿಯಾನ ರಾಜ್ಯದ ಡೆಲ್ಟಾದಲ್ಲಿ 1867ರ ಡಿಸೆಂಬರ್ 23ರಂದು ಜನಿಸಿದರು. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು. ಏಳನೆಯ ವಯಸ್ಸಿಗೆ ತಬ್ಬಲಿಯಾದರು. 14ಕ್ಕೆ ಮದುವೆ, 20ಕ್ಕೆ ವೈಧವ್ಯ. ಮಗಳೊಂದಿಗೆ ಸೇಂಟ್ ಲೂಯಿಸ್ ನಗರಕ್ಕೆ ಬಂದು ಬಟ್ಟೆ ಒಗೆದು ಜೀವನ ಸಾಗಿಸಿದರು.

ಉದ್ಯಮ: ತಲೆಗೂದಲು ಉದುರುವ ತೊಂದರೆ ಸ್ವತಃ ಕಾಡಿದ್ದರಿಂದ ಕೇಶಾರೈಕೆಯತ್ತ ಗಮನ ಹರಿಯಿತು. 1905ರಲ್ಲಿ ಡೆನ್ವರ್‌ಗೆ ಹೋಗಿ, ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ವಿವಾಹವಾದರು. ಬಿಳಿಯರ ಕಂಪನಿಗಳು ಕಡೆಗಣಿಸಿದ್ದ ಕಪ್ಪು ಮಹಿಳೆಯರಿಗಾಗಿಯೇ ಕೇಶಲೇಪಗಳನ್ನು ತಯಾರಿಸಿ ಮನೆಮನೆಗೆ ಮಾರಿದರು. 1910ರಲ್ಲಿ ಕಂಪನಿಯ ಕೇಂದ್ರವನ್ನು ಇಂಡಿಯಾನಾಪೊಲಿಸ್‌ನಲ್ಲಿ ನೆಲೆಗೊಳಿಸಿದರು. ತರಬೇತಿ ಪಡೆದ ಸಾವಿರಾರು ಮಹಿಳೆಯರು ಇವರ ಮಾರಾಟ ಪ್ರತಿನಿಧಿಗಳಾದರು. ಮನೆಗೆಲಸ, ಕೃಷಿಕೂಲಿಗಳಾಚೆ ದುಡಿಮೆಯ ದಾರಿಗಳೇ ವಿರಳವಾಗಿದ್ದ ಆ ಮಹಿಳೆಯರಿಗೆ ಇದು ಸ್ವಂತ ಆದಾಯ ತಂದಿತು.

ಹೋರಾಟ: ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಹಿಂಸೆಯ ವಿರುದ್ಧ ಕಾನೂನು ತರಬೇಕೆಂದು ಕೋರಿ 1917ರಲ್ಲಿ ಶ್ವೇತಭವನಕ್ಕೆ ತೆರಳಿದ ನಿಯೋಗದಲ್ಲಿದ್ದರು. ಅದೇ ವರ್ಷ ಫಿಲಡೆಲ್ಫಿಯದಲ್ಲಿ ತಮ್ಮ ಪ್ರತಿನಿಧಿಗಳ ಸಮಾವೇಶ ನಡೆಸಿದರು. 1919ರಲ್ಲಿ ಈ ಹಿಂಸೆಯ ವಿರುದ್ಧದ ನಿಧಿಗೆ 5,000 ಡಾಲರ್ ನೀಡುವುದಾಗಿ ಘೋಷಿಸಿದರು.

ಕಲೆ: ನ್ಯೂಯಾರ್ಕ್ ಬಳಿಯ ಅರ್ವಿಂಗ್ಟನ್‌ನಲ್ಲಿ ಇವರ ಭವನ ವಿಲ್ಲಾ ಲೆವಾರೊವನ್ನು ವಿನ್ಯಾಸಗೊಳಿಸಿದವರು ಕಪ್ಪು ವಾಸ್ತುಶಿಲ್ಪಿ ವರ್ಟ್ನರ್ ಟ್ಯಾಂಡಿ. ಮಗಳು ಅಲೀಲಿಯ ವಾಕರ್ 1920ರ ದಶಕದಲ್ಲಿ ಹಾರ್ಲೆಮ್‌ನ ಮನೆಯನ್ನು ಕವಿ, ಕಲಾವಿದರ ಕೂಟವಾಗಿಸಿ ಕಪ್ಪು ಜನರ ಸಾಹಿತ್ಯ, ಕಲೆಗಳ ಚಳವಳಿಯಾದ ಹಾರ್ಲೆಮ್ ನವೋದಯಕ್ಕೆ ಆಸರೆಯಾದರು.

ಮೇಡಂ ವಾಕರ್ 1919ರ ಮೇ 25ರಂದು ವಿಲ್ಲಾ ಲೆವಾರೊದಲ್ಲಿ ನಿಧನರಾದರು.