ತರಗು ಬೆಂಕಿ, ಕಾಡ್ಗಿಚ್ಚು, ಮತ್ತೆ ಚಿಗುರಿದ ಕಾಡು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಹಿಂದೆ ಕಾಡಿಗೆ ತಾವೇ ಹಚ್ಚುತ್ತಿದ್ದ ಬೆಂಕಿಗೆ ‘ತರಗು ಬೆಂಕಿ’ ಎಂದು ಹೆಸರು. ಬಿಸಿಲು ಬಲಿಯುವ ಮುನ್ನವೇ ಉದುರಿದೆಲೆಗೂ ಒಣಹುಲ್ಲಿಗೂ ಅದನ್ನು ತಾಗಿಸುತ್ತಿದ್ದರು. ಆ ಉರಿ ಎತ್ತರಕ್ಕೇಳದೆ ನೆಲ ಸವರಿಕೊಂಡು ಹೋಗುತ್ತಿತ್ತು. ದಪ್ಪ ತೊಗಟೆಯ ದೊಡ್ಡ ಮರಗಳಿಗೆ ಅದರಿಂದ ಹೆಚ್ಚಿನ ಹಾನಿಯಿರಲಿಲ್ಲ. ಮಳೆ ಬಿದ್ದೊಡನೆ ಎಳೆಹುಲ್ಲು ಬರುತ್ತಿತ್ತು, ನೆಲ್ಲಿ ಮರಕ್ಕಂಟುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುವುದು ಸೋಲಿಗರ ಅನುಭವ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಚದುರಿದ್ದ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಕೆಲವೆಡೆ ಒಟ್ಟಾಗಿ ನೆಲೆಗೊಳಿಸಲಾಯಿತು, ತರಗು ಬೆಂಕಿ ನಿಂತಿತು. ಬೆಂಕಿ ನಿಂತರೆ ಕಾಡು ಉಳಿಯುತ್ತದೆಂಬ ನಂಬಿಕೆ ಸಹಜವೇ. ಆದರೆ ಅದು ಅರ್ಧ ಸತ್ಯ. ಅಲಂಕಾರಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದ ಲಂಟಾನ ಎಂಬ ಪೊದೆ, ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿದಲ್ಲೆಲ್ಲ ಬೇರೂರಿತು. ಬೆಟ್ಟದಲ್ಲಿ ಅದು ಆವರಿಸಿದ ಜಾಗ 1997ರಿಂದ 2008ರೊಳಗೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಎಳೆಯ ಲಂಟಾನವನ್ನು ತರಗು ಬೆಂಕಿ ಸುಡುತ್ತಿತ್ತು, ಈಗ ಅದನ್ನು ತಡೆಯುವವರಿಲ್ಲ ಎಂದು ಸೋಲಿಗರು ಹೇಳುತ್ತಾರೆ. ಈ ಮಾತಿಗೆ ಸಿಗಬೇಕಾದ ಬೆಲೆ ಬಹುಕಾಲ ಸಿಗಲಿಲ್ಲ.

ಗುಂಡ್ಲುಪೇಟೆ ಕಡೆಯ ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿತ್ತು. ಅಲ್ಲೂ ಮರಗಳ ಕೆಳಗೆ ಲಂಟಾನ ಆಳೆತ್ತರ ಬೆಳೆದಿತ್ತು. 2019ರ ಫೆಬ್ರವರಿ ಕೊನೆಯ ವಾರ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ವಲಯಗಳಲ್ಲಿ ಎದ್ದ ಕಿಚ್ಚು ಗಾಳಿಗೆ ಸಿಕ್ಕಿ ಬೆಂಕಿರೇಖೆಗಳನ್ನು ದಾಟಿತು. ಲಂಟಾನದ ಒಣಗಿದ ಪೊದೆ ಏಣಿಯಂತಾಗಿ ಉರಿಯನ್ನು ಮರದ ಕೊಂಬೆಗೂ ಏರಿಸುತ್ತದೆ. ಸಿಬ್ಬಂದಿ, ಸ್ವಯಂಸೇವಕರು ಹಸಿಸೊಪ್ಪಿನಿಂದ ಬಡಿದು ಆರಿಸುತ್ತಿದ್ದಾಗಲೇ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ ಸುಟ್ಟದ್ದು ಸುಮಾರು 4,400 ಹೆಕ್ಟೇರ್.

ಮಳೆ ಬಂದಾಗ ಆ ಸುಟ್ಟ ನೆಲದಲ್ಲಿ ಮೊದಲು ಮರಳಿದ್ದು ಹುಲ್ಲು. ತೇಗ, ಮತ್ತಿ, ದಿಂಡಿಗದಂಥ ಎಲೆಯುದುರಿಸುವ ಮರಗಳು ಬುಡದಿಂದಲೇ ಮತ್ತೆ ಚಿಗುರಬಲ್ಲವು. ಎಳೆಸಸಿಯ ಪಾಡು ಬೇರೆ: ಮೇಲಿನ ಕಾಂಡ ಸುಟ್ಟರೂ ಬೇರು ಬದುಕಿರುತ್ತದೆ, ಆದರೆ ಬೆಂಕಿಗೆ ನಿಲ್ಲುವಷ್ಟು ಬೆಳೆಯಲು ಅದಕ್ಕೆ ಕೆಲವು ವರ್ಷಗಳ ಬಿಡುವು ಬೇಕು. ಬುಡದಿಂದ ಚಿಗುರುವ ಗುಣ ಲಂಟಾನಕ್ಕೂ ಇದೆ, ಅದು ಸಸಿಗಿಂತ ಬೇಗ ಹಬ್ಬುತ್ತದೆ. ಹೀಗಾಗಿ ಸುಟ್ಟ ನೆಲದಲ್ಲಿ ಲಂಟಾನವನ್ನು ಬುಡಸಮೇತ ಕೀಳುವುದು ಗಿಡ ನೆಡುವುದಕ್ಕಿಂತ ಮೊದಲಿನ ಕೆಲಸ.

2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಹಕ್ಕು ಅದರಿಂದ ಮರಳಿತು. ಆದರೆ ಕಾಡಿಗೆ ಬೆಂಕಿ ಹಚ್ಚುವುದು ಕಾನೂನಿನ ಕಣ್ಣಲ್ಲಿ ಇಂದಿಗೂ ಅಪರಾಧ.