ಒಂದೊಂದು ಕ್ಷ-ಕಿರಣದ ಬಿಸಿಯನ್ನೂ ಅಳೆಯುವ ಅತಿವಾಹಕ ಸಂವೇದಕ

ಕಪ್ಪುಕುಳಿಗಳ ಸುತ್ತಲಿನ ಅತ್ಯುಷ್ಣ ಅನಿಲವು ಕ್ಷ-ಕಿರಣಗಳನ್ನು ಸೂಸುತ್ತದೆ. ಅವುಗಳ ಶಕ್ತಿಯನ್ನು ನಿಖರವಾಗಿ ಅಳೆದರೆ ಅನಿಲದಲ್ಲಿರುವ ಧಾತುಗಳೂ ಅದರ ವೇಗವೂ ತಿಳಿಯುತ್ತವೆ.

2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ 'ಎಕ್ಸ್‌ಸ್ಪೆಕ್ಟ್' ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಅದರ ಸಿಲಿಕಾನ್ ಸಂವೇದಕಗಳು 6,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಬಳಿ ಸುಮಾರು 200 ಎಲೆಕ್ಟ್ರಾನ್ ವೋಲ್ಟ್ ವ್ಯತ್ಯಾಸವನ್ನು ಗುರುತಿಸಬಲ್ಲವು. ಪ್ರಯೋಗಾಲಯದ ಅತಿವಾಹಕ ಸಂವೇದಕಗಳು ಕೇವಲ 2 ಎಲೆಕ್ಟ್ರಾನ್ ವೋಲ್ಟ್ ವ್ಯತ್ಯಾಸವನ್ನೂ ಗುರುತಿಸಿವೆ. ಮೊದಲನೆಯದರಲ್ಲಿ ಒಂದೇ ಗುಡ್ಡೆಯಾಗಿ ಕಾಣುವ ಕಬ್ಬಿಣದ ರೋಹಿತರೇಖೆಗಳು ಎರಡನೆಯದರಲ್ಲಿ ಬಿಡಿಬಿಡಿಯಾಗುತ್ತವೆ.

ಅತಿವಾಹಕವೆಂದರೆ ವಿದ್ಯುತ್ತನ್ನು ರೋಧವಿಲ್ಲದೆ ಹರಿಸುವ ವಸ್ತು. ಇಲ್ಲಿ ತೆಳುವಾದ ಲೋಹದ ಪದರವೊಂದನ್ನು ಸುಮಾರು 0.1 ಕೆಲ್ವಿನ್‌ಗೆ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ತಂಪಾಗಿಸಿ, ಅತಿವಾಹಕತೆ ಅಳಿಯುವ ಅಂಚಿನಲ್ಲಿ ನಿಲ್ಲಿಸಲಾಗುತ್ತದೆ. ಕ್ಷ-ಕಿರಣದ ಒಂದೇ ಫೋಟಾನ್ ಬಿದ್ದರೂ ಪದರ ತುಸು ಬಿಸಿಯಾಗಿ, ರೋಧ ಥಟ್ಟನೆ ಏರಿ, ವಿದ್ಯುತ್ ಪ್ರವಾಹ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಫೋಟಾನಿನ ಶಕ್ತಿಯ ಅಳತೆ.

ಜಪಾನಿನ ಜೆ-ಪಾರ್ಕ್ ವೇಗವರ್ಧಕದಲ್ಲಿ 2018ರಲ್ಲಿ ಕೇಯಾನ್ ಕಣವನ್ನು ಸೆರೆಹಿಡಿದ ಹೀಲಿಯಂ ಪರಮಾಣುಗಳ ಕ್ಷ-ಕಿರಣಗಳನ್ನು ಅಳೆದದ್ದೂ ಇಂಥ ಸಂವೇದಕಗಳೇ. ಅದೇ ವರ್ಷ ಅಮೆರಿಕದ 'ಮೈಕ್ರೋ-ಎಕ್ಸ್' ರಾಕೆಟ್ ಇವನ್ನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಒಯ್ದಿತು. ಆದರೆ ಆ ಹಾರಾಟ ಕೆಲವೇ ನಿಮಿಷಗಳದು. ಉಪಗ್ರಹದಲ್ಲಿ ಈ ಶೀತವನ್ನು ವರ್ಷಗಟ್ಟಲೆ ಕಾಯ್ದುಕೊಳ್ಳುವುದೇ ಮುಂದಿನ ಸವಾಲು.