ಫ್ಯೂಸಿಲಿಯೆ ಮೋಂ-ರೊಯಾಲ್: ಮಾಂಟ್ರಿಯಲ್‌ನ ಫ್ರೆಂಚ್ ಭಾಷಿಕ ಮೀಸಲು ಪಡೆ

ಕೆನಡಾದ ಮೀಸಲು ಸೇನೆಗೆ ಸೇರಿದ 'ಲೆ ಫ್ಯೂಸಿಲಿಯೆ ಮೋಂ-ರೊಯಾಲ್' ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದ ಫ್ರೆಂಚ್ ಭಾಷಿಕ ಪದಾತಿ ರೆಜಿಮೆಂಟ್. ಇದರ ಯೋಧರಲ್ಲಿ ಬಹುತೇಕರು ವಾರದ ದಿನಗಳಲ್ಲಿ ಉದ್ಯೋಗಿಗಳು ಅಥವಾ ವಿದ್ಯಾರ್ಥಿಗಳು. ಸಂಜೆ ಮತ್ತು ವಾರಾಂತ್ಯಗಳಲ್ಲಿ ಸೈನಿಕರು. ನಮ್ಮ ಟೆರಿಟೋರಿಯಲ್ ಆರ್ಮಿಯನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೇನಲ್ಲ. 'ಎಂದಿಗೂ ಹಿಂಜರಿಯೆವು' ಎಂಬರ್ಥದ ಲ್ಯಾಟಿನ್ ವಾಕ್ಯ ಇದರ ಧ್ಯೇಯ.

1869ರ ಜೂನ್ 18ರಂದು ಈ ಪಡೆ ಸ್ಥಾಪನೆಯಾದಾಗ ಅದಕ್ಕೆ ದೊರೆತದ್ದು 'ಮೌಂಟ್ ರಾಯಲ್ ರೈಫಲ್ಸ್' ಎಂಬ ಇಂಗ್ಲಿಷ್ ಹೆಸರು. ಫ್ರೆಂಚ್ ಮಾತನಾಡುವವರ ಪಡೆಗೆ ಫ್ರೆಂಚ್ ಹೆಸರು ಬರಲು 1902ರವರೆಗೆ ಕಾಯಬೇಕಾಯಿತು. ಈಗಿನ ಹೆಸರು 1931ರದ್ದು. ಬ್ರಿಟಿಷ್ ಸಂಪ್ರದಾಯದ ಸೇನೆಯಲ್ಲಿ ತನ್ನ ಭಾಷೆಗೆ ಸ್ಥಾನ ಗಳಿಸುವ ಹೋರಾಟ ಈ ರೆಜಿಮೆಂಟಿನ ಇತಿಹಾಸದುದ್ದಕ್ಕೂ ಹರಿದಿದೆ.

ಮೊದಲ ಪರೀಕ್ಷೆ ಎದುರಾದದ್ದು 1885ರಲ್ಲಿ. ಪಶ್ಚಿಮ ಕೆನಡಾದಲ್ಲಿ ಲೂಯಿ ರಿಯೆಲ್ ನೇತೃತ್ವದಲ್ಲಿ ದಂಗೆಯೆದ್ದ ಮೆಟೀಸ್ ಜನರಲ್ಲಿ ಹೆಚ್ಚಿನವರು ಫ್ರೆಂಚ್ ಮಾತನಾಡುವ ಕ್ಯಾಥೊಲಿಕರು. ಕ್ವಿಬೆಕ್‌ನಲ್ಲಿ ಅವರ ಬಗ್ಗೆ ಅನುಕಂಪವಿತ್ತು. ಅಂಥವರ ವಿರುದ್ಧದ ದಂಡಯಾತ್ರೆಗೆ ಈ ಪಡೆಗೂ ಕರೆ ಬಂತು. ರೈಲು ಮಾರ್ಗ ಇನ್ನೂ ಪೂರ್ಣಗೊಂಡಿರದ ಕಾರಣ ಸುಪೀರಿಯರ್ ಸರೋವರದ ಉತ್ತರ ದಂಡೆಯಲ್ಲಿ ಹಿಮ ತುಳಿಯುತ್ತ ಸಾಗಿದ ಸೈನಿಕರನ್ನು ರಿಯೆಲ್‌ನ ಎದುರು ನಿಲ್ಲಿಸದೆ ಆಲ್ಬರ್ಟಾ ಕಡೆಗೆ ಕಳುಹಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ರಿಯೆಲ್‌ನನ್ನು ಗಲ್ಲಿಗೇರಿಸಿದಾಗ ಕ್ವಿಬೆಕ್ ಕೆರಳಿತು.

ಮೊದಲ ಮಹಾಯುದ್ಧದಲ್ಲಿ ಸ್ಥಾಪಿತ ರೆಜಿಮೆಂಟುಗಳನ್ನು ಬದಿಗಿರಿಸಿ ಹೊಸ ಸಂಖ್ಯೆಗಳ ಬೆಟಾಲಿಯನ್‌ಗಳನ್ನು ಕಟ್ಟಲಾಯಿತು. ಮಾಂಟ್ರಿಯಲ್‌ನ ಈ ಯೋಧರು ಬೇರೆ ಬೇರೆ ಬೆಟಾಲಿಯನ್‌ಗಳಿಗೆ ಹಂಚಿಹೋದರು. ಎರಡನೆಯ ಮಹಾಯುದ್ಧದಲ್ಲಿ ಮಾತ್ರ ರೆಜಿಮೆಂಟ್ ತನ್ನ ಹೆಸರಿನಲ್ಲೇ ಹೊರಟಿತು. 1940ರಲ್ಲಿ ಐಸ್‌ಲ್ಯಾಂಡ್‌ನಲ್ಲಿ ಕೆಲಕಾಲ ಕಾವಲಿದ್ದು, ಬಳಿಕ ಇಂಗ್ಲೆಂಡ್ ಸೇರಿತು.

1942ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾ ಸೇವೆಯ ಕುರಿತು ನಡೆದ ಜನಮತ ಗಣನೆಯಲ್ಲಿ ಕ್ವಿಬೆಕ್‌ನ ಶೇ. 70ಕ್ಕೂ ಹೆಚ್ಚು ಮತದಾರರು 'ಇಲ್ಲ' ಎಂದರು. ಇಂಗ್ಲಿಷ್ ಕೆನಡಾ ಇದನ್ನು ಅಂಜುಬುರುಕುತನವೆಂದು ಹಂಗಿಸುತ್ತಿದ್ದಾಗಲೇ, ನಾಲ್ಕು ತಿಂಗಳೂ ತುಂಬುವ ಮೊದಲು, ಸ್ವಇಚ್ಛೆಯಿಂದ ಸೇರಿದ್ದ ಈ ಫ್ರೆಂಚ್ ಭಾಷಿಕರು ಆಗಸ್ಟ್ 19ರಂದು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲಿನ ದಾಳಿಗೆ ಹಡಗೇರಿದರು.

ಅಂದು ಅವರದು ಸಮುದ್ರದಲ್ಲೇ ಕಾದಿರಿಸಿದ ಮೀಸಲು ಪಡೆ. ದಡ ಹೊಗೆಯಲ್ಲಿ ಮುಚ್ಚಿಹೋಗಿತ್ತು. ಮುಂದಿನ ಪಡೆ ಪಟ್ಟಣ ಹೊಕ್ಕಿದೆಯೆಂಬ ಅರ್ಥ ಕೊಡುವಂತೆ ಬಂದ ಅಸ್ಪಷ್ಟ ಸಂದೇಶವನ್ನು ನಂಬಿದ ಮೇಜರ್ ಜನರಲ್ ರಾಬರ್ಟ್ಸ್, ಬೆಳಗ್ಗೆ ಸುಮಾರು 7 ಗಂಟೆಗೆ ಇವರನ್ನು ಇಳಿಸಲು ಆಜ್ಞಾಪಿಸಿದರು. ವಾಸ್ತವದಲ್ಲಿ ಮುಂದಿನ ಪಡೆ ದಂಡೆಯ ಮೇಲೆಯೇ ನೆಲಕಚ್ಚಿತ್ತು. ದೋಣಿಗಳಿಂದ ಇಳಿದವರು ಬಂಡೆಗಳ ಬುಡದಲ್ಲಿ, ಮೆಷಿನ್‌ಗನ್ನುಗಳ ಎದುರು ಸಿಕ್ಕಿಬಿದ್ದರು. ದಾಳಿಗೆ ಹೊರಟ 584 ಮಂದಿಯಲ್ಲಿ ಇಂಗ್ಲೆಂಡಿಗೆ ಮರಳಿದವರು 125 ಮಾತ್ರ. ಉಳಿದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ಹೆಚ್ಚಿನವರು ಸೆರೆಯಾದರು.

ಸಾರ್ಜೆಂಟ್ ಪಿಯೆರ್ ದ್ಯುಬುಕ್ ಸಣ್ಣ ಗುಂಪಿನೊಂದಿಗೆ ಪಟ್ಟಣದೊಳಕ್ಕೆ ನುಗ್ಗಿದರು. ಗುಂಡುಗಳು ಮುಗಿದು ಶರಣಾದಾಗ ಜರ್ಮನ್ನರು ಅವರ ಸಮವಸ್ತ್ರ ಕಳಚಿಸಿದರು. ಕಾವಲಿಗಿದ್ದ ಒಬ್ಬನೇ ಸೈನಿಕನನ್ನು ಕೆಡವಿ ದ್ಯುಬುಕ್ ಒಳಉಡುಪಿನಲ್ಲೇ ಬೀದಿಗಳ ಮೂಲಕ ಓಡಿ ದಂಡೆ ತಲುಪಿದರು. ಕಟ್ಟುಕಥೆಯಂತೆ ತೋರುವ ಈ ಘಟನೆ ಅಧಿಕೃತ ಯುದ್ಧ ಇತಿಹಾಸದಲ್ಲಿಯೇ ದಾಖಲಾಗಿದೆ. ದಂಡನಾಯಕ ಡೊಲಾರ್ ಮೆನಾರ್‌ಗೆ ಆಗ 29 ವರ್ಷ. ಐದು ಬಾರಿ ಗಾಯಗೊಂಡೂ ಅವರು ಬದುಕುಳಿದರು.

ಹೊಸದಾಗಿ ಕಟ್ಟಲಾದ ರೆಜಿಮೆಂಟ್ 1944ರ ಜುಲೈನಲ್ಲಿ ನಾರ್ಮಂಡಿಗೆ ಬಂದಿಳಿದು, ವೆರಿಯೆರ್ ದಿಣ್ಣೆಯ ತೋಟದ ಮನೆಗಳಿಗಾಗಿ ಮತ್ತೆ ಭಾರಿ ನಷ್ಟ ಅನುಭವಿಸಿತು. ಆ ಕದನದಲ್ಲಿ ಹೆಸರು ಗಳಿಸಿದ ಜಾಕ್ ಡೆಕ್ಸ್‌ಟ್ರಾಜ್ ಇದೇ ರೆಜಿಮೆಂಟಿಗೆ 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ಯುದ್ಧ ಮುಗಿಯುವ ಮೊದಲೇ ಅದರ ಮುಖ್ಯಸ್ಥರಾದರು. 1972ರಿಂದ 1977ರವರೆಗೆ ಇಡೀ ಕೆನಡಾ ಸೇನೆಯ ಅತ್ಯುನ್ನತ ಹುದ್ದೆಯಲ್ಲಿದ್ದರು. ರೆಜಿಮೆಂಟಿನ ಮತ್ತೊಬ್ಬ ಅಧಿಕಾರಿ ಪಾಲ್ ಸೋವೆ 1959ರಲ್ಲಿ ಕ್ವಿಬೆಕ್‌ನ ಪ್ರಧಾನಿಯಾದರು.

ಯುದ್ಧಾನಂತರ ರೆಜಿಮೆಂಟ್ ಮೀಸಲು ಸ್ಥಾನಕ್ಕೆ ಮರಳಿತು. ಮಾಂಟ್ರಿಯಲ್‌ನ ಆಂರಿ-ಜೂಲಿಯಾಂ ಅವೆನ್ಯೂದಲ್ಲಿ ಅದರ ಶಸ್ತ್ರಾಗಾರವಿದೆ. ಅಫ್ಘಾನಿಸ್ತಾನದಲ್ಲೂ ಅದರ ಯೋಧರು ಸೇವೆ ಸಲ್ಲಿಸಿದ್ದಾರೆ.

ಯುದ್ಧಕಾಲದ ಸರ್ಕಾರಿ ಭಿತ್ತಿಚಿತ್ರದಲ್ಲಿ ಕೆನಡಾದ ವೀರನಾಗಿ ಮಿಂಚಿದ ಮೆನಾರ್ ಮುಂದೆ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದರು. 1980ರಲ್ಲಿ ಕ್ವಿಬೆಕ್‌ನ ಸಾರ್ವಭೌಮತ್ವ ಕುರಿತ ಜನಮತ ಗಣನೆ ಬಂದಾಗ ಅವರು ಬಹಿರಂಗವಾಗಿ ನಿಂತದ್ದು 'ಹೌದು' ಎನ್ನುವವರ ಪರ.